ಪಾಲ್ ಹೋಗನ್ ಬಗ್ಗೆ ಎಲ್ಲರೂ ಕೇಳುವ ಪ್ರಶ್ನೆಗಳು: ಸೇತುವೆ, ಚಾಕು, ಮೊಸಳೆ ಮತ್ತು ಉಳಿದದ್ದು

ನಾನಿರುವುದು ಸಿಡ್ನಿಯ ಪಶ್ಚಿಮಕ್ಕೆ, ಹ್ಯಾರಿಸ್ ಪಾರ್ಕ್ ಹತ್ತಿರ. ಇಲ್ಲಿ ದೋಸೆ ಅಂಗಡಿಗೂ ಬರವಿಲ್ಲ, ಕನ್ನಡ ಮಾತಿಗೂ ಬರವಿಲ್ಲ. ಊರಿಂದ ಯಾರೇ ಬರಲಿ, ಹಾರ್ಬರ್ ಬ್ರಿಡ್ಜ್ ತೋರಿಸುವಾಗ ನಾನು ಪಾಲ್ ಹೋಗನ್ ಕಥೆ ಶುರು ಮಾಡುತ್ತೇನೆ, ಅವರು ಪ್ರಶ್ನೆ ಶುರು ಮಾಡುತ್ತಾರೆ. ಆಮೇಲೆ ಮನೆಗೆ ಹೋಗಿ ಸಿನಿಮಾ ನೋಡಿ ಮತ್ತೆ ಮೆಸೇಜು. ಪ್ರತಿ ಸಲ ಅದೇ ಉತ್ತರ ಟೈಪ್ ಮಾಡಿ ಮಾಡಿ ಸಾಕಾಯಿತು. ಅದಕ್ಕೇ ಎಲ್ಲಾ ಒಂದು ಕಡೆ ಬರೆದಿಟ್ಟಿದ್ದೇನೆ. ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಬಿಟ್ಟಿದ್ದೇನೆ.

## ಏನೂ ಗೊತ್ತಿಲ್ಲದವರಿಗೆ

ಯಾರು ಮಾರಾಯ್ರೆ ಈ ಪಾಲ್ ಹೋಗನ್? ಆ ಮೊಸಳೆ ಸಿನಿಮಾದವನಾ?

ಹೌದು, ಅವರೇ. 'ಕ್ರೊಕೊಡೈಲ್ ಡಂಡೀ' ಸಿನಿಮಾದ ಮಿಕ್ ಡಂಡೀ. ತೋಳಿಲ್ಲದ ಚರ್ಮದ ಜಾಕೆಟ್ಟು, ಹ್ಯಾಟಿನ ಸುತ್ತ ಮೊಸಳೆ ಹಲ್ಲು, ಸೊಂಟದಲ್ಲಿ ಮೊಳದುದ್ದದ ಚಾಕು. 90ರ ದಶಕದಲ್ಲಿ ಕೇಬಲ್ ಟಿ.ವಿ.ಯ ಇಂಗ್ಲಿಷ್ ಚಾನೆಲ್ಲುಗಳಲ್ಲಿ ಸಿನಿಮಾ ನೋಡಿದವರಿಗೆ ಮುಖ ನೆನಪಿರುತ್ತದೆ, ಹೆಸರು ನೆನಪಿರುವುದಿಲ್ಲ.

ಆದರೆ ಅವರನ್ನು ಬರೀ ನಟ ಅಂದರೆ ಅರ್ಧ ಮಾತ್ರ ಹೇಳಿದ ಹಾಗೆ. ಆ ಸಿನಿಮಾದ ಚಿತ್ರಕಥೆ ಬರೆದವರಲ್ಲಿ ಮೊದಲ ಹೆಸರು ಅವರದೇ. ಅದಕ್ಕೂ ಮೊದಲು ಹತ್ತು ವರ್ಷಕ್ಕಿಂತ ಜಾಸ್ತಿ ಆಸ್ಟ್ರೇಲಿಯಾದ ಟಿ.ವಿ.ಯಲ್ಲಿ ಹಾಸ್ಯ ಬರೆದು, ತಾವೇ ನಟಿಸಿ, ಮನೆಮಾತಾಗಿದ್ದರು. ಇಲ್ಲಿನವರು ಇಂದಿಗೂ ಅವರನ್ನು 'ಹೋಗ್ಸ್' ಅಂತಲೇ ಕರೆಯುವುದು.

ಊರು ಯಾವುದು? ಒಂದು ಕಡೆ ಲೈಟ್ನಿಂಗ್ ರಿಡ್ಜ್ ಅಂತಿದೆ, ಇನ್ನೊಂದು ಕಡೆ ಸಿಡ್ನಿ ಅಂತಿದೆ.

ಸಿಡ್ನಿ. ಹುಟ್ಟಿದ್ದು 1939ರ ಅಕ್ಟೋಬರ್ 8. ಬೆಳೆದದ್ದು ಗ್ರ್ಯಾನ್ವಿಲ್‌ನಲ್ಲಿ, ನಮ್ಮ ಹ್ಯಾರಿಸ್ ಪಾರ್ಕಿನ ಪಕ್ಕದ ಸ್ಟೇಷನ್. ಪ್ಯಾರಮಾಟಾ ಕಡೆಯಿಂದ ಸಿಟಿಗೆ ಕೆಲಸಕ್ಕೆ ಹೋಗುವ ಕನ್ನಡದವರಲ್ಲಿ ಎಷ್ಟೋ ಜನ ದಿನಾ ಅದನ್ನು ದಾಟಿಯೇ ಹೋಗುತ್ತಾರೆ, ಮೊಬೈಲಿನಿಂದ ತಲೆ ಎತ್ತದೆ.

ಲೈಟ್ನಿಂಗ್ ರಿಡ್ಜ್ ಸಿಡ್ನಿಯಿಂದ ಸುಮಾರು 700 ಕಿಲೋಮೀಟರ್ ದೂರದ ಓಪಲ್ ಕಲ್ಲಿನ ಗಣಿ ಊರು. ಹೋಗನ್ ಅಲ್ಲಿಯವರು ಅಂತ ಹೇಳಿದ್ದು ಸ್ವತಃ ಹೋಗನ್. ಗ್ರ್ಯಾನ್ವಿಲ್ ಅಂದರೆ ಕೇಳುವವರಿಗೆ ಮಜಾ ಇರುವುದಿಲ್ಲ, ಸಿಡಿಲಿನ ದಿಬ್ಬ ಅಂದರೆ ಇರುತ್ತದೆ, ಅಷ್ಟೇ. ಆ ಸುಳ್ಳು ವರ್ಷಗಟ್ಟಲೆ ಪತ್ರಿಕೆಗಳಲ್ಲಿ ಅಚ್ಚಾಯಿತು. ಆಮೇಲೆ ಅವರೇ ನಗುತ್ತಾ ಒಪ್ಪಿಕೊಂಡರು.

ಹಾರ್ಬರ್ ಬ್ರಿಡ್ಜ್ ಮೇಲೆ ಕೆಲಸ ಮಾಡ್ತಿದ್ದದ್ದು ನಿಜಾನಾ, ಅದೂ ಕಟ್ಟುಕಥೆನಾ?

ಇದು ನಿಜ. ರಿಗ್ಗರ್ ಕೆಲಸ. ಹಗ್ಗ, ಸರಪಳಿ, ರಾಟೆ, ಬಣ್ಣ ಹಚ್ಚುವವರು ನಿಲ್ಲುವ ಹಲಗೆ, ಇವನ್ನೆಲ್ಲ ಮೇಲೆ ಕಟ್ಟಿಕೊಡುವವರು. ಸೇತುವೆಯ ಕಮಾನಿನ ತುದಿ ಸಮುದ್ರದಿಂದ 134 ಮೀಟರ್ ಎತ್ತರ. ಈಗ ಪ್ರವಾಸಿಗಳು ದುಡ್ಡು ಕೊಟ್ಟು, ಸೊಂಟಕ್ಕೆ ಬೆಲ್ಟು ಬಿಗಿದುಕೊಂಡು ಹತ್ತುತ್ತಾರೆ. ಹೋಗನ್ ಅವರಿಗೆ ಅದು ದಿನದ ಕೂಲಿ.

ಶಾಲೆ ಬಿಟ್ಟಿದ್ದು 15ಕ್ಕೆ. ಗ್ರ್ಯಾನ್ವಿಲ್‌ನ ಈಜುಕೊಳದಲ್ಲೂ ಕೆಲಸ ಮಾಡಿದರು. ಮೊದಲ ಹೆಂಡತಿ ನೋಲೀನ್ ಪರಿಚಯವಾದದ್ದು ಅಲ್ಲೇ. 1958ರಲ್ಲಿ ಮದುವೆ. ಆಗ ಅವರಿಗಿನ್ನೂ 20 ಆಗಿರಲಿಲ್ಲ. ಮುಂದೆ ಐದು ಮಕ್ಕಳು. ಟಿ.ವಿ.ಗೆ ಕಾಲಿಟ್ಟಾಗ ವಯಸ್ಸು 31, ಅಂದರೆ ಮನೆ ತುಂಬಾ ಮಕ್ಕಳಿರುವ ಸಂಸಾರಸ್ಥ. ಸಿನಿಮಾ ಹುಚ್ಚು ಹತ್ತಿ ಮನೆ ಬಿಟ್ಟು ಓಡಿಬಂದ ಹುಡುಗನ ಕಥೆ ಅಲ್ಲ ಇದು.

ಹಾಗಾದ್ರೆ ಟಿ.ವಿ.ಗೆ ಬಂದದ್ದು ಹೇಗೆ? ಯಾರ ಕೈ ಹಿಡಿದು?

ಇದು ನನಗೆ ಬಹಳ ಇಷ್ಟದ ಭಾಗ, ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ.

1971. ಚಾನೆಲ್ ನೈನ್‌ನಲ್ಲಿ 'ನ್ಯೂ ಫೇಸಸ್' ಅಂತ ಹೊಸ ಪ್ರತಿಭೆಗಳ ಕಾರ್ಯಕ್ರಮ ಬರುತ್ತಿತ್ತು. ನಮ್ಮ ರಿಯಾಲಿಟಿ ಶೋಗಳ ಹಾಗೆಯೇ: ಒಬ್ಬ ಬಂದು ಹಾಡುತ್ತಾನೆ, ಮೂರು ಜನ ಕೂತು ಅವನನ್ನು ಹೀಯಾಳಿಸುತ್ತಾರೆ. ಬಂದವರ ಪ್ರತಿಭೆಗಿಂತ ಅವರಿಗಾಗುವ ಅವಮಾನವೇ ಮನರಂಜನೆ. ಹೋಗನ್‌ಗೆ ಅದು ಕಣ್ಣಿಗೆ ಬಿತ್ತು. ಜಡ್ಜುಗಳನ್ನೇ ಯಾರಾದರೂ ಹೀಗೆ ಆಡಿಕೊಂಡರೆ?

ತಾನು 'ಟ್ಯಾಪ್ ಡ್ಯಾನ್ಸ್ ಮಾಡುತ್ತಾ ಚಾಕು ಎಸೆಯುವವನು' ಅಂತ ಹೇಳಿಕೊಂಡು ಹೋದರು. ಟ್ಯಾಪ್ ಡ್ಯಾನ್ಸೂ ಬರುತ್ತಿರಲಿಲ್ಲ, ಚಾಕು ಎಸೆಯುವುದಂತೂ ಮೊದಲೇ ಬರುತ್ತಿರಲಿಲ್ಲ. ಕೈಯಲ್ಲಿ ಚಾಕು ಹಿಡಿದು ವೇದಿಕೆಗೆ ಬಂದರು. ಎಸೆಯಲಿಲ್ಲ. ನಿಂತುಕೊಂಡು ಜಡ್ಜುಗಳ ಮೇಲೆ ಒಂದಾದ ಮೇಲೊಂದು ಜೋಕು ಬಿಟ್ಟರು. ಜನ ಈಗ ಎಸೀತಾನೆ, ಈಗ ಎಸೀತಾನೆ ಅಂತ ಕಾಯುತ್ತಲೇ ಇದ್ದಾರೆ. ಕೊನೆಗೆ ಕಾಲನ್ನು ಆ ಕಡೆ ಈ ಕಡೆ ಎರಡು ಸಲ ಎಳೆದು, ಚಾಕುಗಳನ್ನು ದಡಬಡ ನೆಲಕ್ಕೆ ಹಾಕಿದರು. ಮುಗೀತು!

ಚಾನೆಲ್ಲಿನ ಫೋನು ಬಡಿದುಕೊಳ್ಳಲು ಶುರುವಾಯಿತು. ಅವನನ್ನು ಮತ್ತೆ ಕರೆಸಿ ಅಂತ. ಮತ್ತೆ ಬಂದರು, ಈ ಸಲ ಸಲಿಕೆ ಬಾರಿಸುವ 'ಕಲಾವಿದ'ನಾಗಿ. ಯಾರ ಕೈಯನ್ನೂ ಹಿಡಿಯಲಿಲ್ಲ ನೋಡಿ. ನಗುವವರನ್ನೇ ನಗೆಪಾಟಲು ಮಾಡುವುದು ಅನ್ನುವ ಈ ಒಂದೇ ವರಸೆ ಅವರನ್ನು ಮುಂದೆ ನ್ಯೂಯಾರ್ಕ್ ತನಕ ಕರೆದುಕೊಂಡು ಹೋಯಿತು ಅಂತ ನನ್ನ ಲೆಕ್ಕ.

## ಟಿ.ವಿ., ಜಾಹೀರಾತು ಮತ್ತು (ನಂಬಿ) ಕ್ರಿಕೆಟ್

ಜಾನ್ ಕಾರ್ನೆಲ್ ಅನ್ನೋ ಹೆಸರು ಎಲ್ಲಾ ಕಡೆ ಬರ್ತದೆ, ಅವರ್ಯಾರು?

ಪತ್ರಕರ್ತ, 'ಎ ಕರೆಂಟ್ ಅಫೇರ್' ಅನ್ನುವ ಸುದ್ದಿ ಕಾರ್ಯಕ್ರಮದ ನಿರ್ಮಾಪಕ. ಹೋಗನ್ ಅವರನ್ನು ನೋಡಿದ ಕೂಡಲೇ ತಮ್ಮ ಕಾರ್ಯಕ್ರಮಕ್ಕೆ ಎಳೆದುಕೊಂಡರು. ಸುದ್ದಿಯ ಮಧ್ಯೆ ಒಬ್ಬ ಕೂಲಿ ಕೆಲಸದವ ಬಂದು ದೇಶದ ವಿಷಯದ ಮೇಲೆ ತನ್ನದೇ ಧಾಟಿಯಲ್ಲಿ ಎರಡು ಮಾತು ಆಡುವುದು. ಜನಕ್ಕೆ ಹುಚ್ಚು ಹಿಡಿಯಿತು.

ಅಲ್ಲಿಂದ ಕಾರ್ನೆಲ್, ಹೋಗನ್ ಅವರ ಮ್ಯಾನೇಜರು, ಪಾಲುದಾರ, ಜೊತೆಗೆ ತೆರೆಯ ಮೇಲೂ ಜೋಡಿ. 'ಸ್ಟ್ರಾಪ್' ಅನ್ನುವ ಪೆದ್ದ ಗೆಳೆಯನ ಪಾತ್ರ, ತಲೆಗೆ ಸದಾ ಬೀಚಿನ ಲೈಫ್‌ಗಾರ್ಡ್ ಟೋಪಿ. ತೆರೆಯ ಮೇಲೆ ಪೆದ್ದ, ತೆರೆಯ ಹಿಂದೆ ವ್ಯವಹಾರದಲ್ಲಿ ಚಾಣಾಕ್ಷ. ಕಾರ್ನೆಲ್ 2021ರಲ್ಲಿ ತೀರಿಕೊಂಡರು. ಬಹಳ ವರ್ಷ ಪಾರ್ಕಿನ್ಸನ್ ಕಾಯಿಲೆಯಿಂದ ನರಳಿದ್ದರು.

ಕ್ರಿಕೆಟ್ಟಿಗೂ ಇವರಿಗೂ ಏನು ಸಂಬಂಧ? ಸುಮ್ನೆ ಹೇಳ್ತಿದ್ದೀರಾ?

ಸುಮ್ನೆ ಅಲ್ಲ. ಈ ಕಾರ್ನೆಲ್ ವೇಗದ ಬೌಲರ್ ಡೆನ್ನಿಸ್ ಲಿಲ್ಲಿ ಅವರ ವ್ಯವಹಾರವನ್ನೂ ನೋಡಿಕೊಳ್ಳುತ್ತಿದ್ದರು. ಮೈದಾನ ತುಂಬುತ್ತಿದ್ದ ಆ ಕಾಲದಲ್ಲಿ ಆಟಗಾರರ ಕೈಗೆ ಬರುತ್ತಿದ್ದದ್ದು ಪುಡಿಗಾಸು. ಆಟಗಾರರಿಗೆ ಸರಿಯಾಗಿ ದುಡ್ಡು ಸಿಗುವ ಹಾಗೆ ಬೇರೆಯೇ ಪಂದ್ಯಗಳನ್ನು ನಡೆಸೋಣ ಅಂತ ಕಾರ್ನೆಲ್ ಚಾನೆಲ್ ನೈನ್ ಮಾಲೀಕ ಕೆರಿ ಪ್ಯಾಕರ್ ಮುಂದೆ ಮಾತೆತ್ತಿದರು. ಪ್ರಸಾರದ ಹಕ್ಕು ಕೊಡಲಿಲ್ಲ ಅಂತ ಪ್ಯಾಕರ್ ಮೊದಲೇ ಕ್ರಿಕೆಟ್ ಮಂಡಳಿಯ ಮೇಲೆ ಉರಿದು ಬಿದ್ದಿದ್ದರು. ಬೆಂಕಿಗೆ ತುಪ್ಪ ಸಿಕ್ಕಿತು. 1977ರಲ್ಲಿ ವರ್ಲ್ಡ್ ಸೀರೀಸ್ ಕ್ರಿಕೆಟ್ ಶುರು.

ದೀಪದ ಬೆಳಕಿನ ಪಂದ್ಯ, ಬಿಳಿ ಚೆಂಡು, ಬಣ್ಣದ ಬಟ್ಟೆ ಇವೆಲ್ಲ ದೊಡ್ಡ ಮಟ್ಟಕ್ಕೆ ಬಂದದ್ದು ಅದರಿಂದ. ಚಿನ್ನಸ್ವಾಮಿಯಲ್ಲಿ ರಾತ್ರಿ ಎಂಟಕ್ಕೆ ಕೆಂಪು ಜೆರ್ಸಿ ಹಾಕಿಕೊಂಡು ಕೂಗುತ್ತೇವಲ್ಲ, ಅದರ ಬೇರು ಹುಡುಕುತ್ತಾ ಹೋದರೆ ಲೈಫ್‌ಗಾರ್ಡ್ ಟೋಪಿಯ ಈ ಮನುಷ್ಯ ಸಿಗುತ್ತಾನೆ. ಹೋಗನ್ ಕಥೆಯಲ್ಲಿ ಇದು ಅಡ್ಡದಾರಿ, ಒಪ್ಪುತ್ತೇನೆ. ಆದರೆ ಕ್ರಿಕೆಟಿಗರು ಕೆಳಗೆ ಇನ್ನೊಮ್ಮೆ ಬರುತ್ತಾರೆ.

'ಪಾಲ್ ಹೋಗನ್ ಶೋ' ಈಗ ನೋಡಿದ್ರೆ ನಗು ಬರುತ್ತಾ?

ಅಲ್ಲಲ್ಲಿ. 1973ರಿಂದ 1984ರ ತನಕ ಬಂದ ಶೋ. ತೋಳು ಕತ್ತರಿಸಿದ ಅಂಗಿ, ಚಡ್ಡಿ ಹಾಕಿಕೊಂಡು ಬಂದು ಮೊದಲು ಸ್ವಲ್ಪ ಹರಟೆ, ಆಮೇಲೆ ಸಣ್ಣ ಸಣ್ಣ ಪ್ರಹಸನ. ಕುಡುಕ ಪರ್ಸ್, ಸಾಹಸ ಮಾಡಲು ಹೋಗಿ ಪ್ರತಿ ಸಲ ಎಡವುವ ಲಿಯೋ, ಹೀಗೆ ಹತ್ತಾರು ಪಾತ್ರ. ಹೆಂಗಸರನ್ನು ತೋರಿಸುವ ರೀತಿ ಇವತ್ತಿಗೆ ಒಗ್ಗುವುದಿಲ್ಲ. ಆ ಕಾಲದ ಬ್ರಿಟಿಷ್ ಹಾಸ್ಯದ ರೋಗವೇ ಅದು. ಆದರೆ ಹರಟೆಯ ಭಾಗ ಇಂದಿಗೂ ಹಸಿರಾಗಿದೆ. ಅವಸರವೇ ಇಲ್ಲದ ಮಾತು. ಮಾಸ್ಟರ್ ಹಿರಣ್ಣಯ್ಯನವರ ನಾಟಕ ನೋಡಿದವರಿಗೆ ಗೊತ್ತು, ಕಥೆ ಅಲ್ಲೇ ನಿಲ್ಲಿಸಿ ಜನರ ಕಡೆ ತಿರುಗಿ ಮಾತಾಡಿದಾಗ ಸಿಗುವ ಮಜಾ ಬೇರೆಯೇ.

ಸಿಗರೇಟು ಜಾಹೀರಾತು ಮಾಡಿದ್ದರಂತೆ, ಹೌದಾ?

ಹೌದು. 70ರ ದಶಕದಲ್ಲಿ ವಿನ್‌ಫೀಲ್ಡ್ ಸಿಗರೇಟಿನ ಮುಖ ಅವರೇ. ಬ್ರ್ಯಾಂಡು ಎಲ್ಲಿಂದ ಎಲ್ಲಿಗೋ ಹೋಯಿತು. 1976ರಲ್ಲಿ ಟಿ.ವಿ.ಯಲ್ಲಿ ಸಿಗರೇಟು ಜಾಹೀರಾತು ನಿಂತ ಮೇಲೂ ಬೇರೆ ಕಡೆ ಅವರ ಮುಖ ಮುಂದುವರಿಯಿತು. ಇವರು ಮಕ್ಕಳಿಗೆ ಅಚ್ಚುಮೆಚ್ಚು, ಇಂಥವರು ಸಿಗರೇಟು ಮಾರಬಾರದು ಅಂತ ತಂಬಾಕು ವಿರೋಧಿಗಳು ದೂರು ಕೊಟ್ಟರು. 1980ರಲ್ಲಿ ಆ ದೂರು ಗೆದ್ದಿತು. ಮುಂದೆ ಹೋಗನ್ ಇದರ ಬಗ್ಗೆ ಪಶ್ಚಾತ್ತಾಪದ ಮಾತು ಆಡಿದ್ದಾರೆ. ಆದರೂ ಅವರ ಲೆಕ್ಕಪುಸ್ತಕದಲ್ಲಿ ಇದು ಅಳಿಸದ ಕಪ್ಪು ಚುಕ್ಕೆ ಅಂತಲೇ ನಾನು ಹೇಳುವುದು.

ಬಾರ್ಬಿ ಮೇಲೆ ಸಿಗಡಿ ಇಡೋದು ಅಂದ್ರೇನು? ಆಫೀಸಲ್ಲಿ ಜೋಕ್ ಮಾಡ್ತಾರೆ, ಅರ್ಥ ಆಗಲ್ಲ.

ಬಾರ್ಬಿ ಅಂದರೆ ಗೊಂಬೆ ಅಲ್ಲ, ಬಾರ್ಬೆಕ್ಯೂ. 1984ರಲ್ಲಿ ಆಸ್ಟ್ರೇಲಿಯಾದ ಪ್ರವಾಸೋದ್ಯಮದವರು ಅಮೆರಿಕದ ಟಿ.ವಿ.ಗೆ ಜಾಹೀರಾತು ಮಾಡಿಸಿದರು. ಹೋಗನ್ ಬಿಸಿಲಲ್ಲಿ ನಿಂತು, ಬನ್ನಿ, ನಿಮಗೆ ಅಂತ ಒಂದು ಸಿಗಡಿ ಜಾಸ್ತಿ ಹಾಕಿರುತ್ತೇನೆ ಅಂತ ಕರೆಯುತ್ತಾರೆ. ಮನೆಗೆ ಬಂದವರಿಗೆ ಇನ್ನೊಂದು ರೊಟ್ಟಿ ಹಾಕಿಸಿಕೊಳ್ಳಿ ಅನ್ನುವ ಧಾಟಿ.

ತಮಾಷೆ ಏನೆಂದರೆ ಆಸ್ಟ್ರೇಲಿಯಾದಲ್ಲಿ ಅದನ್ನು 'ಶ್ರಿಂಪ್' ಅನ್ನುವುದೇ ಇಲ್ಲ, 'ಪ್ರಾನ್' ಅನ್ನುತ್ತಾರೆ. ಅಮೆರಿಕದವರಿಗೆ ಅರ್ಥವಾಗಲಿ ಅಂತ ಬದಲಾಯಿಸಿದ ಪದ ಅದು. ಮಂಗಳೂರಿನವರ ಬಾಯಲ್ಲಿ ಯೆಟ್ಟಿ ಬದಲು ಇನ್ನೇನೋ ಹೇಳಿಸಿದ ಹಾಗೆ. ಈಗ ಹೊರಗಿನವರು ಆ ಮಾತು ಆಡಿದರೆ ಇಲ್ಲಿನವರು ಕಣ್ಣು ಮೇಲೆ ಮಾಡುತ್ತಾರೆ. ಆಫೀಸಿನಲ್ಲಿ ನೀವಾಗಿ ಮಾತ್ರ ಹೇಳಲು ಹೋಗಬೇಡಿ.

ಸಿನಿಮಾ ಬರುವ ಎರಡು ವರ್ಷ ಮೊದಲೇ ಅಮೆರಿಕದ ಮನೆಮನೆಗೆ ಈ ಮುಖ ಪರಿಚಯವಾಗಿತ್ತು. ಇದನ್ನು ಮರೆತರೆ ಮುಂದಿನ ಗೆಲುವು ಪವಾಡದ ಹಾಗೆ ಕಾಣುತ್ತದೆ. 1985ರಲ್ಲಿ ಸರ್ಕಾರ ಅವರನ್ನು ವರ್ಷದ ಆಸ್ಟ್ರೇಲಿಯನ್ ಅಂತ ಗೌರವಿಸಿತು.

## ಮೊಸಳೆಯ ವಿಷಯಕ್ಕೆ ಬಂದರೆ

ಕಥೆ ಗೊತ್ತಿಲ್ಲದವರಿಗೆ ಎರಡು ಸಾಲಲ್ಲಿ ಹೇಳಿ.

ನ್ಯೂಯಾರ್ಕಿನ ಪತ್ರಕರ್ತೆ ಸೂ, ಮೊಸಳೆ ಬಾಯಿಂದ ತಪ್ಪಿಸಿಕೊಂಡು ಬಂದವನನ್ನು ಹುಡುಕಿಕೊಂಡು ಆಸ್ಟ್ರೇಲಿಯಾದ ಉತ್ತರದ ಕಾಡಿಗೆ ಬರುತ್ತಾಳೆ. ಅಲ್ಲಿ ಅವಳು ಪೇಚಾಡುತ್ತಾಳೆ. ಆಮೇಲೆ ಅವನನ್ನು ನ್ಯೂಯಾರ್ಕಿಗೆ ಕರೆದುಕೊಂಡು ಹೋಗುತ್ತಾಳೆ, ಅಲ್ಲಿ ಅವನು ಪೇಚಾಡಬೇಕು. ಆದರೆ ಅವನು ಪೇಚಾಡುವುದೇ ಇಲ್ಲ. ಎಲ್ಲಾ ಇರುವುದು ಅಲ್ಲೇ.

ಅದು ನಿಜವಾದ ಒಬ್ಬ ವ್ಯಕ್ತಿಯ ಕಥೆ ಅಂತಾರಲ್ಲ?

ರಾಡ್ನಿ ಆನ್ಸೆಲ್ ಅನ್ನುವವರ ಹೆಸರು ಹೇಳುತ್ತಾರೆ. 1977ರಲ್ಲಿ ನಾರ್ದರ್ನ್ ಟೆರಿಟರಿಯಲ್ಲಿ ದೋಣಿ ಮಗುಚಿ, ಎರಡು ನಾಯಿ ಜೊತೆ ವಾರಗಟ್ಟಲೆ ಕಾಡಿನಲ್ಲಿ ಬದುಕಿ ಬಂದವರು. ಟಿ.ವಿ. ಸಂದರ್ಶನಕ್ಕೆ ಪೇಟೆಗೆ ಬಂದಾಗ ದೊಡ್ಡ ಹೋಟೆಲಿನ ಹಾಸಿಗೆ ಬಿಟ್ಟು ನೆಲದ ಮೇಲೆ ಮಲಗಿದ್ದರು. ಸಿನಿಮಾದಲ್ಲೂ ಮಿಕ್ ಹಾಗೇ ಮಲಗುತ್ತಾನೆ. ಹಾಗಾಗಿ ಹೋಲಿಕೆ ಇಲ್ಲ ಅನ್ನಲಾಗದು. ಆದರೆ ಹೋಗನ್, ಇದು ಯಾರೊಬ್ಬರ ಕಥೆಯೂ ಅಲ್ಲ, ತಾನು ನ್ಯೂಯಾರ್ಕಿಗೆ ಹೋದಾಗ ಪರಕೀಯನ ಹಾಗೆ ಅನಿಸಿದ್ದೇ ಮೂಲ ಅನ್ನುತ್ತಾರೆ.

ಆನ್ಸೆಲ್ ಕೊನೆ ದುಃಖದ್ದು. 1999ರಲ್ಲಿ ಪೊಲೀಸರ ಜೊತೆ ಗುಂಡಿನ ಚಕಮಕಿಯಲ್ಲಿ ಸತ್ತರು, ಒಬ್ಬ ಪೊಲೀಸರೂ ಪ್ರಾಣ ಕಳೆದುಕೊಂಡರು. ನಗುವ ಸಿನಿಮಾದ ಹಿಂದೆ ಹೀಗೊಂದು ನೆರಳಿದೆ.

ಬರೆದದ್ದು ಅವರೇನಾ, ಅಥವಾ ಹೀರೋ ಅಂತ ಹೆಸರು ಹಾಕಿದ್ರಾ?

ಅನುಮಾನ ನ್ಯಾಯವಾದದ್ದೇ. ನಮ್ಮಲ್ಲೂ 'ಕಥೆ, ಚಿತ್ರಕಥೆ, ಸಂಭಾಷಣೆ' ಅಂತ ಹೀರೋ ಹೆಸರು ಬಂದರೆ ನಾವು ನಗುತ್ತೇವೆ. ಇಲ್ಲಿ ಚಿತ್ರಕಥೆಗೆ ಮೂರು ಹೆಸರು: ಹೋಗನ್, ಕೆನ್ ಶೇಡೀ, ಕಾರ್ನೆಲ್. ಶೇಡೀ, ಹೋಗನ್ ಅವರ ಟಿ.ವಿ. ಶೋ ಕಾಲದ ಜೊತೆಗಾರ. ನಿರ್ದೇಶಕ ಪೀಟರ್ ಫೇಮನ್ ಕೂಡ ಅದೇ ಶೋದವರು. ಹೊಸಬರು ಯಾರೂ ಇಲ್ಲ.

ಬರವಣಿಗೆ ಹೋಗನ್ ಅವರದು ಅಂತ ಹೇಗೆ ಗೊತ್ತಾಗುತ್ತದೆ ಅಂದರೆ, 1971ರ ಆ ಚಾಕುವಿನ ಆಟವನ್ನು ನೆನಪು ಮಾಡಿಕೊಂಡು ಸಿನಿಮಾ ನೋಡಿ. ಪ್ರತಿ ದೃಶ್ಯದ ಅಚ್ಚು ಒಂದೇ. ಎದುರಿನವರು ಇವನನ್ನು ಹಳ್ಳಿ ಗಮಾರ ಅಂದುಕೊಳ್ಳುತ್ತಾರೆ. ಇವನು ಸುಮ್ಮನೆ ಕಾಯುತ್ತಾನೆ. ಕೊನೆಗೆ ಪೆದ್ದರಾಗುವುದು ಎದುರಿನವರು. ಬೇರೆಯವರಿಗೂ ಈ ಹಂಚಿಕೆ ಸಿಗುತ್ತದೆ: ಮಿಕ್‌ನ ಆದಿವಾಸಿ ಗೆಳೆಯ ನೆವಿಲ್‌ನ ಫೋಟೋ ತೆಗೆಯಲು ಸೂ ಹೊರಡುತ್ತಾಳೆ. ತೆಗೆಯಲಾಗುವುದಿಲ್ಲ ಅನ್ನುತ್ತಾನೆ. ಓಹೋ, ಫೋಟೋ ತೆಗೆದರೆ ಆತ್ಮ ಹೋಗುತ್ತದೆ ಅನ್ನುವ ನಂಬಿಕೆಯಾ ಅಂತ ಅವಳು ಗಂಭೀರವಾಗಿ ಕೇಳುತ್ತಾಳೆ. ಅಲ್ಲ, ಲೆನ್ಸಿನ ಮುಚ್ಚಳ ತೆಗೆದಿಲ್ಲ ನೀನು ಅನ್ನುತ್ತಾನೆ.

ಚಾಕು ದೃಶ್ಯ ಯಾಕಷ್ಟು ಫೇಮಸ್ಸು? ನನಗೇನೂ ಅನಿಸಲಿಲ್ಲ.

ಮಚ್ಚು-ಲಾಂಗಿನ ಸಿನಿಮಾ ನೋಡಿ ಬೆಳೆದ ನಮಗೆ ಅದೇನು ದೊಡ್ಡ ಚಾಕು ಅನಿಸುವುದಿಲ್ಲ, ನಿಜ. ಆದರೆ ಅದರ ಲಯ ನೋಡಿ. ರಾತ್ರಿ ನ್ಯೂಯಾರ್ಕಿನ ಬೀದಿ. ಹುಡುಗರು ಅಡ್ಡಗಟ್ಟುತ್ತಾರೆ, ಒಬ್ಬ ಬಟನ್ ಚಾಕು ತೆಗೆಯುತ್ತಾನೆ. ಸೂ ಹೆದರಿ, ಪರ್ಸು ಕೊಟ್ಟುಬಿಡು, ಅವನ ಹತ್ತಿರ ಚಾಕು ಇದೆ ಅನ್ನುತ್ತಾಳೆ. ಮಿಕ್‌ಗೆ ನಗು ಬರುತ್ತದೆ. ಅದು ಚಾಕುನಾ ಅಂತ ತನ್ನದನ್ನು ಸೊಂಟದಿಂದ ಎಳೆಯುತ್ತಾನೆ. ಹುಡುಗನ ಜಾಕೆಟ್ಟಿಗೆ ಒಂದೆರಡು ಗೀರು, ಅಷ್ಟೇ. ಅವರು ಓಡಿದ ಮೇಲೆ, ಪಾಪ ಹುಡುಗರು ಏನೋ ಆಟ ಆಡ್ತಿದ್ರು ಅಂತ ಮುಂದೆ ನಡೆಯುತ್ತಾನೆ.

ಕೋಪ ಇಲ್ಲ, ಡೈಲಾಗಿನ ಅಬ್ಬರ ಇಲ್ಲ, ಹಿನ್ನೆಲೆ ಸಂಗೀತದ ಗುಡುಗಿಲ್ಲ. ಅದೇ 80ರ ದಶಕದಲ್ಲಿ ಹಾಲಿವುಡ್ ಹೀರೋಗಳು ಮೆಷಿನ್ ಗನ್ ಹಿಡಿದು ನೂರಾರು ಜನರನ್ನು ಉರುಳಿಸುತ್ತಿದ್ದರು. ಅದರ ಮಧ್ಯೆ ಇದು ತಂಪಾಗಿ ಬಂತು.

ಇಷ್ಟಕ್ಕೆಲ್ಲಾ ದುಡ್ಡು ಹಾಕಿದ್ದು ಯಾರು?

ಸ್ಟುಡಿಯೋ ಅಲ್ಲ. ಸುಮಾರು 1,400 ಜನ. ಆಗ ಆಸ್ಟ್ರೇಲಿಯಾದಲ್ಲಿ 10ಬಿಎ ಅನ್ನುವ ತೆರಿಗೆ ನಿಯಮ ಇತ್ತು. ಸ್ವದೇಶಿ ಸಿನಿಮಾಗೆ ದುಡ್ಡು ಹಾಕಿದರೆ ತೆರಿಗೆಯಲ್ಲಿ ದೊಡ್ಡ ವಿನಾಯಿತಿ. ಶೇರು ದಲ್ಲಾಳಿಗಳ ಮೂಲಕ ಹತ್ತಿರಹತ್ತಿರ 90 ಲಕ್ಷ ಆಸ್ಟ್ರೇಲಿಯನ್ ಡಾಲರ್ ಕೂಡಿಸಿದರು. ಹೀಗೆ ಹಾಕಿದವರಲ್ಲಿ ಕ್ರಿಕೆಟಿಗರಾದ ಲಿಲ್ಲಿ, ರಾಡ್ ಮಾರ್ಷ್, ಗ್ರೆಗ್ ಚಾಪೆಲ್ ಇದ್ದರು. ಅದೇ ಗ್ರೆಗ್ ಚಾಪೆಲ್, ಮುಂದೆ ನಮ್ಮ ದ್ರಾವಿಡ್ ನಾಯಕನಾಗಿದ್ದಾಗ ಭಾರತ ತಂಡದ ಕೋಚ್ ಆಗಿದ್ದವರು. ಕೋಚಿಂಗ್ ಬಗ್ಗೆ ಏನೇ ಹೇಳಿ, ಇಲ್ಲಿ ಹಾಕಿದ ದುಡ್ಡು ಮಾತ್ರ ಚೆನ್ನಾಗಿ ಬೆಳೆಯಿತು.

ಶೂಟಿಂಗ್ ಎಲ್ಲಿ? ಆ ಬಾರ್ ಈಗಲೂ ಇದೆಯಾ?

ಕಾಡಿನ ದೃಶ್ಯಗಳು ಉತ್ತರದ ಕಾಕಡು ರಾಷ್ಟ್ರೀಯ ಉದ್ಯಾನದ ಕಡೆ. ತಂಡ ಉಳಿದುಕೊಂಡದ್ದು ಅಲ್ಲಿನ ಪಾಳುಬಿದ್ದ ಯುರೇನಿಯಂ ಗಣಿ ಕ್ಯಾಂಪಿನ ಗುಡಿಸಲುಗಳಲ್ಲಿ. ಸಿನಿಮಾದಲ್ಲಿ ಕಾಣುವ ಮಿಕ್‌ನ ಊರಿನ ಬಾರ್ ಇರುವುದು ಕ್ವೀನ್ಸ್‌ಲ್ಯಾಂಡಿನ ಮೆಕಿನ್ಲಿ ಅನ್ನುವ ಪುಟ್ಟ ಊರಿನಲ್ಲಿ. ಸಿನಿಮಾದಲ್ಲಿ ಇಟ್ಟ 'ವಾಕಬೌಟ್ ಕ್ರೀಕ್' ಹೆಸರನ್ನೇ ಆಮೇಲೆ ಹೋಟೆಲಿಗೂ ಇಟ್ಟುಕೊಂಡರು. ಉಳಿದದ್ದು ಆರು ವಾರ ನ್ಯೂಯಾರ್ಕಿನಲ್ಲಿ. ಕೊನೆಯಲ್ಲಿ ಮಿಕ್ ಜನರ ತಲೆ, ಭುಜದ ಮೇಲೆ ನಡೆದು ಬರುವ ಸಬ್‌ವೇ ದೃಶ್ಯ ಬ್ರೂಕ್ಲಿನ್‌ನಲ್ಲಿ ಬಳಕೆ ತಪ್ಪಿದ ಒಂದು ಪ್ಲಾಟ್‌ಫಾರ್ಮಿನಲ್ಲಿ ತೆಗೆದದ್ದು.

ಎಷ್ಟು ಗಳಿಸ್ತು? ಆಸ್ಕರ್ ಬಂತಾ?

ಜಗತ್ತಿನಾದ್ಯಂತ ಸುಮಾರು 32.8 ಕೋಟಿ ಅಮೆರಿಕನ್ ಡಾಲರ್. ಅಮೆರಿಕದಲ್ಲಿ 1986ರ ಸಿನಿಮಾಗಳಲ್ಲಿ ಗಳಿಕೆಯಲ್ಲಿ 'ಟಾಪ್ ಗನ್' ಬಿಟ್ಟರೆ ಇದೇ. ಆಸ್ಟ್ರೇಲಿಯಾದ ಒಳಗೆ ಆಸ್ಟ್ರೇಲಿಯನ್ ಸಿನಿಮಾವೊಂದು ಮಾಡಿದ ಗಳಿಕೆಯಲ್ಲಿ ಇವತ್ತಿಗೂ ಇದನ್ನು ಯಾರೂ ಹಿಂದೆ ಹಾಕಿಲ್ಲ, ಸುಮಾರು 4.77 ಕೋಟಿ ಆಸ್ಟ್ರೇಲಿಯನ್ ಡಾಲರ್.

ನಟನೆಗೆ ಗೋಲ್ಡನ್ ಗ್ಲೋಬ್ ಬಂತು. ಮೂಲ ಚಿತ್ರಕಥೆಗೆ ಆಸ್ಕರ್ ನಾಮನಿರ್ದೇಶನ ಬಂತು, ಪ್ರಶಸ್ತಿ ವುಡಿ ಅಲೆನ್‌ಗೆ ಹೋಯಿತು. 1987ರ ಆ ಸಮಾರಂಭದ ಮೂವರು ನಿರೂಪಕರಲ್ಲಿ ಹೋಗನ್ ಒಬ್ಬರು. ಅಲ್ಲೂ ಸುಮ್ಮನಿರಲಿಲ್ಲ. ಗೆದ್ದವರಿಗೆ ಬುದ್ಧಿ ಹೇಳಿದರು: ವಿನಯ ಇರಲಿ, ಉಪಕಾರ ನೆನೆಯಿರಿ, ಬೇಗ ಕೆಳಗಿಳಿಯಿರಿ. ಹದಿನಾರು ವರ್ಷದ ಹಿಂದೆ ಮೂರು ಜಡ್ಜುಗಳ ಮುಂದೆ ಮಾಡಿದ್ದನ್ನೇ ಈಗ ಇಡೀ ಹಾಲಿವುಡ್ ಮುಂದೆ ಮಾಡಿದರು.

ಅಮೆರಿಕದ ಪ್ರಿಂಟು ಬೇರೆ ಅಂತೆ?

ಹೌದು, ಕೆಲವು ನಿಮಿಷ ಚಿಕ್ಕದು. ಅಮೆರಿಕದವರಿಗೆ ತಿಳಿಯದ ಆಡುಮಾತನ್ನು ತಿಳಿಯುವ ಹಾಗೆ ತಿದ್ದಿದ್ದರು. ಹೆಸರಿನಲ್ಲಿ 'ಕ್ರೊಕೊಡೈಲ್' ಅನ್ನುವುದಕ್ಕೆ ಉದ್ಧರಣ ಚಿಹ್ನೆ ಹಾಕಿದರು, ಡಂಡೀ ಅನ್ನುವುದು ಮೊಸಳೆಯ ಹೆಸರು ಅಂತ ಜನ ತಿಳಿಯದಿರಲಿ ಅಂತ. ಸಿಕ್ಕರೆ ಆಸ್ಟ್ರೇಲಿಯಾದ್ದನ್ನೇ ನೋಡಿ. ಧಾರವಾಡದ ಮಾತನ್ನು ತಿದ್ದಿ ಬೆಂಗಳೂರಿನ ಕನ್ನಡ ಮಾಡಿದರೆ ಏನು ಉಳಿಯುತ್ತದೆ ಹೇಳಿ.

## ಸ್ವಲ್ಪ ಕಷ್ಟದ ಪ್ರಶ್ನೆಗಳು

ಅಷ್ಟು ದೊಡ್ಡ ಹಿಟ್ ಕೊಟ್ಟವರು ಆಮೇಲೆ ಎಲ್ಲಿ ಹೋದ್ರು?

1988ರಲ್ಲಿ ಎರಡನೇ ಭಾಗ ಬಂತು. ಮಗ ಬ್ರೆಟ್ ಜೊತೆ ಸೇರಿ ಬರೆದರು, ನಿರ್ದೇಶನ ಕಾರ್ನೆಲ್. ಅದೂ ಓಡಿತು. ಆಮೇಲೆ ಇಳಿಜಾರು. 1990ರ 'ಆಲ್ಮೋಸ್ಟ್ ಆ್ಯನ್ ಏಂಜೆಲ್' ನೆಲಕಚ್ಚಿತು. 1994ರ 'ಲೈಟ್ನಿಂಗ್ ಜ್ಯಾಕ್' ಸಿನಿಮಾಗೆ ಶೇರು ಮಾರುಕಟ್ಟೆಯಿಂದಲೇ ದುಡ್ಡು ಎತ್ತಿದ್ದರು. ಜನ ಡಂಡೀ ಲಾಭದ ಆಸೆಯಲ್ಲಿ ಹಾಕಿದರು, ಅಂಥ ಲಾಭ ಬರಲಿಲ್ಲ. 2001ರಲ್ಲಿ ಡಂಡೀಯನ್ನು ಲಾಸ್ ಏಂಜಲೀಸ್‌ಗೆ ಕಳಿಸಿದರು, ತಡವಾಗಿತ್ತು.

ನನಗನ್ನಿಸುವುದು ಇಷ್ಟು. ಅವರ ಹಾಸ್ಯ ನಡೆಯಬೇಕಾದರೆ ಎದುರಿನವರು ಇವರನ್ನು ಕೀಳಾಗಿ ನೋಡಬೇಕು. ಜಗತ್ತಿಗೆಲ್ಲ ಗೊತ್ತಾದ ಸ್ಟಾರನ್ನು ಯಾರು ಕೀಳಾಗಿ ನೋಡುತ್ತಾರೆ? ಅದಕ್ಕೇ ಮತ್ತೆ ಸಣ್ಣ ಆಸ್ಟ್ರೇಲಿಯನ್ ಸಿನಿಮಾಗಳಿಗೆ ಬಂದಾಗ ಅವರು ಚೇತರಿಸಿಕೊಂಡರು. ಮೈಕಲ್ ಕೇಟನ್ ಜೊತೆಗಿನ 'ಸ್ಟ್ರೇಂಜ್ ಬೆಡ್‌ಫೆಲೋಸ್' (2004), ಶೇನ್ ಜೇಕಬ್ಸನ್ ಜೊತೆಗಿನ 'ಚಾರ್ಲಿ ಆ್ಯಂಡ್ ಬೂಟ್ಸ್' (2009). ಎರಡನೆಯದು ಅಪ್ಪ-ಮಗ ಕಾರಿನಲ್ಲಿ ದೇಶದ ಉತ್ತರದ ತುದಿಗೆ ಹೋಗುವ ಕಥೆ. ಹೆಂಡತಿ ಸತ್ತ ಮುದುಕನಾಗಿ ಮಾತೇ ಆಡದೆ ಕೂರುತ್ತಾರೆ. ಜೋಕಿಲ್ಲದೆಯೂ ತೆರೆ ಹಿಡಿದಿಡಬಲ್ಲರು ಅಂತ ನನಗೆ ಗೊತ್ತಾದದ್ದು ಅಲ್ಲಿ.

ಹೆಂಡತಿಗೆ ಕೈಕೊಟ್ಟು ಹೀರೋಯಿನ್ ಮದುವೆ ಆದ್ರಂತೆ?

ಊರ ಹೆಂಗಸರೆಲ್ಲ ಕೇಳುವ ಪ್ರಶ್ನೆ, ಗಂಡಸರೂ ಕೇಳುತ್ತಾರೆ. ನೋಲೀನ್ ಜೊತೆ 1981ರಲ್ಲಿ ವಿಚ್ಛೇದನ, ವರ್ಷ ತುಂಬುವ ಮೊದಲೇ ಅವರನ್ನೇ ಮತ್ತೆ ಮದುವೆ. ಅದೂ 80ರ ದಶಕದ ಕೊನೆಗೆ ಮುರಿಯಿತು. 1990ರಲ್ಲಿ ಸೂ ಪಾತ್ರ ಮಾಡಿದ ಲಿಂಡಾ ಕೊಜ್ಲೊವ್ಸ್ಕಿ ಜೊತೆ ಮದುವೆ, ಒಬ್ಬ ಮಗ. 2014ರಲ್ಲಿ ಅದೂ ಮುಗಿಯಿತು. ನೋಲೀನ್ ಪರವಾಗಿ ಆಸ್ಟ್ರೇಲಿಯಾದಲ್ಲಿ ಆಗ ತುಂಬಾ ಜನ ಬೇಜಾರು ಮಾಡಿಕೊಂಡಿದ್ದರು. ಇದಕ್ಕಿಂತ ಜಾಸ್ತಿ ನಮಗೇಕೆ.

ಟ್ಯಾಕ್ಸ್ ಕೇಸಲ್ಲಿ ಜೈಲಿಗೆ ಹೋಗಿದ್ರಾ?

ಇಲ್ಲ. ವಿದೇಶಿ ಖಾತೆಗಳ ವಿಚಾರವಾಗಿ ಸರ್ಕಾರದ ತನಿಖೆ ವರ್ಷಗಟ್ಟಲೆ ನಡೆಯಿತು. ಎಲ್ಲರಿಗೂ ನೆನಪಿರುವುದು 2010ರ ಆಗಸ್ಟ್. 101 ವರ್ಷದ ತಾಯಿ ತೀರಿಕೊಂಡರು ಅಂತ ಅಮೆರಿಕದಿಂದ ಸಿಡ್ನಿಗೆ ಬಂದರು. ಬಂದವರ ಕೈಗೆ ದೇಶ ಬಿಡಬಾರದು ಅನ್ನುವ ಆದೇಶ ಕೊಟ್ಟರು. ಕೆಲವು ದಿನದ ಮೇಲೆ ಬಿಟ್ಟರು. ಕ್ರಿಮಿನಲ್ ತನಿಖೆಯನ್ನು ಅದೇ ವರ್ಷ ಕೈಬಿಟ್ಟರು, ತೆರಿಗೆ ಇಲಾಖೆ ಜೊತೆಗಿನ ಜಗಳ 2012ರಲ್ಲಿ ರಾಜಿಯಲ್ಲಿ ಮುಗಿಯಿತು. ಕೋರ್ಟು ಅವರನ್ನು ಅಪರಾಧಿ ಅಂದಿಲ್ಲ. ತೆರಿಗೆ ವಿನಾಯಿತಿಯಿಂದ ಹುಟ್ಟಿದ ಸಿನಿಮಾದ ಹೀರೋ ತೆರಿಗೆಯವರ ಕೈಗೇ ಸಿಕ್ಕಿದ್ದು ಮಾತ್ರ ವಿಚಿತ್ರ.

ಆದಿವಾಸಿಗಳನ್ನ, ಟ್ರಾನ್ಸ್ ಜನರನ್ನ ತೋರಿಸಿದ ರೀತಿ ಸರಿ ಇದೆಯಾ?

ಎರಡಕ್ಕೂ ಒಂದೇ ಉತ್ತರ ಇಲ್ಲ.

ನೆವಿಲ್ ಪಾತ್ರ ಮಾಡಿದವರು ಡೇವಿಡ್ ಗಲ್ಪಿಲಿಲ್, ಆರ್ನೆಮ್ ಲ್ಯಾಂಡಿನ ಯೋಲ್ಞು ಜನಾಂಗದವರು, ದೊಡ್ಡ ನೃತ್ಯಗಾರ, ಆಸ್ಟ್ರೇಲಿಯಾ ಕಂಡ ಮಹಾ ನಟರಲ್ಲಿ ಒಬ್ಬರು. 2021ರಲ್ಲಿ ತೀರಿಕೊಂಡರು. ಅವರ ಲೆನ್ಸಿನ ಜೋಕು ನಗರದವರ ಪೂರ್ವಗ್ರಹಕ್ಕೆ ಹೊಡೆಯುತ್ತದೆ, ಅದು ಒಳ್ಳೆಯದು. ಆದರೆ ಅಂಥ ನಟನಿಗೆ ಕೊಟ್ಟದ್ದು ಕೆಲವೇ ನಿಮಿಷ. ಕಾಡು ಅವರ ಜನರದು, ಅದನ್ನು ಬಲ್ಲ ಹೀರೋ ಮಾತ್ರ ಬಿಳಿಯ. ಈ ಆಕ್ಷೇಪ ನನಗೂ ಸರಿ ಅನಿಸುತ್ತದೆ.

ನ್ಯೂಯಾರ್ಕಿನ ಬಾರಿನಲ್ಲಿ ಟ್ರಾನ್ಸ್ ಹೆಣ್ಣಿನ ಮೈಗೆ ಕೈ ಹಾಕಿ ನಗಿಸುವ ದೃಶ್ಯಕ್ಕೆ ಸಮರ್ಥನೆ ಇಲ್ಲ. ಅಲ್ಲಿ ಹೋಗನ್ ತಮ್ಮದೇ ನಿಯಮ ಮುರಿದಿದ್ದಾರೆ. ಬೇರೆ ಎಲ್ಲಾ ಕಡೆ ಮೇಲಿರುವವರನ್ನು ಕೆಣಕಿದವರು, ಅಲ್ಲಿ ಕೆಳಗಿರುವವರನ್ನು ಕೆಣಕಿದರು. 2025ರಲ್ಲಿ ಸಿನಿಮಾವನ್ನು ಹೊಸದಾಗಿ ಸರಿಪಡಿಸಿ ಮತ್ತೆ ತೆರೆಗೆ ತಂದಾಗ ಆ ದೃಶ್ಯ ತೆಗೆದರು.

ಆಸ್ಟ್ರೇಲಿಯಾದವರು ನಿಜಕ್ಕೂ ಹಾಗೇ ಇರ್ತಾರಾ?

ಇಲ್ಲ. ಇಲ್ಲಿ ಬಹುಪಾಲು ಜನ ಸಮುದ್ರದಂಚಿನ ನಗರದವರು, ಮೊಸಳೆ ನೋಡಿದ್ದರೆ ಮೃಗಾಲಯದಲ್ಲೇ. ಹೋಗನ್ ಬೆಳೆದ ಗ್ರ್ಯಾನ್ವಿಲ್‌ನಲ್ಲಿ ಈಗ ಲೆಬನಾನಿನವರ ಸಿಹಿತಿಂಡಿ, ಸುಟ್ಟ ಕೋಳಿ ಘಮಘಮ. ಆದರೆ ಒಂದು ಗುಣ ನಿಜ. ಯಾರಾದರೂ ದೊಡ್ಡಸ್ತಿಕೆ ತೋರಿಸಿದರೆ ಮುಖ ಗಂಟಿಕ್ಕದೆ, ದನಿ ಏರಿಸದೆ, ಒಂದೇ ಮಾತಲ್ಲಿ ಗಾಳಿ ತೆಗೆಯುತ್ತಾರೆ. ನನ್ನ ಮೊದಲ ಆಫೀಸಿನಲ್ಲಿ ನಾನು ಮ್ಯಾನೇಜರನ್ನು ನಾಲ್ಕು ಸಲ 'ಸರ್' ಅಂದೆ. ಐದನೇ ಸಲಕ್ಕೆ ಅವರು ಹಿಂದೆ ತಿರುಗಿ, ಯಾರಪ್ಪ ಬಂದದ್ದು ಅಂತ ಹುಡುಕಿದರು.

ಈಗ ಎಲ್ಲಿದ್ದಾರೆ? ಅವರೇ ಬರೆದ ಪುಸ್ತಕ ಇದೆಯಾ?

ವರ್ಷಗಳಿಂದ ಲಾಸ್ ಏಂಜಲೀಸ್‌ನ ವೆನಿಸ್ ಬೀಚಿನ ಕಡೆ, ಕಿರಿಯ ಮಗನ ಹತ್ತಿರ ಇರಬೇಕು ಅಂತ. ಊರಿನ ನೆನಪು ಕಾಡುತ್ತದೆ ಅಂತ ಸಂದರ್ಶನಗಳಲ್ಲಿ ಹೇಳಿದ್ದಾರೆ. ವಿದೇಶದಲ್ಲಿರುವ ಯಾವ ಕನ್ನಡಿಗನಿಗೂ ಆ ಮಾತು ಬಿಡಿಸಿ ಹೇಳಬೇಕಾಗಿಲ್ಲ. ಆತ್ಮಕಥೆ 2020ರಲ್ಲಿ ಬಂತು. ಶೀರ್ಷಿಕೆ ಏನು ಗೊತ್ತಾ? 'ಟ್ಯಾಪ್ ಡ್ಯಾನ್ಸ್ ಮಾಡುವ ಚಾಕು ಎಸೆತಗಾರ'. ಇಂಗ್ಲಿಷಿನಲ್ಲಿದೆ, ಸರಳವಾಗಿದೆ.

ಮುಂದಿನ ತಿಂಗಳು ಸಿಡ್ನಿಗೆ ಬರ್ತಿದ್ದೇವೆ, ಏನಾದ್ರೂ ನೋಡ್ಬಹುದಾ?

ಮೆಕಿನ್ಲಿ ಬಹಳ ದೂರ, ಬಿಟ್ಟುಬಿಡಿ. ಸಿನಿಮಾದಲ್ಲಿ ಕಾಣಿಸಿಕೊಂಡ ಬರ್ಟ್ ಅನ್ನುವ ಮೊಸಳೆ ಡಾರ್ವಿನ್‌ನಲ್ಲಿತ್ತು, 90 ದಾಟಿದ ವಯಸ್ಸಿನಲ್ಲಿ 2024ರ ಡಿಸೆಂಬರ್‌ನಲ್ಲಿ ಸತ್ತಿತು. ಉಳಿದದ್ದು ಸೇತುವೆ. ಮೇಲೆ ಹತ್ತಲು ದುಬಾರಿ. ಪಕ್ಕದ ಕಾಲುದಾರಿಯಲ್ಲಿ ನಡೆದರೆ ಒಂದು ರೂಪಾಯಿಯೂ ಇಲ್ಲ. ದಾರಿಯ ಮಧ್ಯೆ ನಿಂತು ತಲೆ ಎತ್ತಿ ನೋಡಿ. ಅಲ್ಲಿ ಈಗಲೂ ಹಗ್ಗ, ಹಲಗೆ ಕಟ್ಟಿಕೊಂಡು ಯಾರೋ ಬಣ್ಣ ಹಚ್ಚುತ್ತಿರುತ್ತಾರೆ. ಬರುವಾಗ ಗ್ರ್ಯಾನ್ವಿಲ್‌ನಲ್ಲಿ ಇಳಿದು ಸುಟ್ಟ ಕೋಳಿ ತಿಂದುಕೊಂಡು ಬನ್ನಿ. ಸಸ್ಯಾಹಾರಿಗಳಾದರೆ ಮುಂದಿನ ಸ್ಟೇಷನ್ ತನಕ ತಾಳಿಕೊಳ್ಳಿ, ದೋಸೆ ಸಿಗುತ್ತದೆ.